ಕೂಸಿನ ಹಾಸಿಗೆಯಲ್ಲಿ ಏನಿರಬಾರದು

ಹಿರಿಯಾಕೆ: ಕೂಸನ್ನು ಮಲಗಿಸುವುದು ಹೇಗೆ ಎಂಬುದನ್ನೂ ಈಗ ಆಸ್ಪತ್ರೆಯಲ್ಲಿ ಕೇಳಿ ತಿಳಿಯಬೇಕೆ, ಡಾಕ್ಟ್ರೇ? ಬಾಣಂತನ ಮಾಡುವ ಹೆಂಗಸರಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಎಣ್ಣೆ ಹಚ್ಚಿ ನೀರೆರೆದು, ಸಾಂಬ್ರಾಣಿ ಹೊಗೆ ಹಿಡಿದು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕುಲಾವಿ ಕಟ್ಟಿ, ಸಾಸಿವೆ ದಿಂಬಿನ ಮೇಲೆ ತಲೆಯಿಟ್ಟರೆ ಕೂಸು ಮಿಸುಕಾಡದೆ ಮಲಗುತ್ತದೆ. ನೀವು ನೋಡಿದರೆ ದಿಂಬು ಬೇಡ, ಕುಲಾವಿ ಬೇಡ, ಮೆತ್ತನೆಯ ಹಾಸಿಗೆ ಬೇಡ ಎನ್ನುತ್ತೀರಿ. ಎಲ್ಲವನ್ನೂ ತೆಗೆದುಬಿಟ್ಟರೆ ಅಕ್ಕರೆಗೆ ಜಾಗ ಎಲ್ಲಿ ಉಳಿಯಿತು?

ವೈದ್ಯೆ: ತೊಡಕು ಇರುವುದೇ ಅಲ್ಲಿ, ಅಮ್ಮ. ನಾವು ಅಕ್ಕರೆ ತೋರಿಸುವುದು ಒಂದರ ಮೇಲೊಂದು ಸೇರಿಸುತ್ತಾ. ಇನ್ನೊಂದು ಹೊದಿಕೆ, ಇನ್ನೊಂದು ದಿಂಬು, ದೃಷ್ಟಿಗೆ ಒಂದು ದಾರ, ಉಡುಗೊರೆ ಬಂದ ಒಂದು ಬೊಂಬೆ. ಎಚ್ಚರವಾಗಿರುವ ಕೂಸಿಗೆ ಇವುಗಳಿಂದ ಅಷ್ಟಾಗಿ ಕೆಡುಕಿಲ್ಲ, ನಾಲ್ಕು ಕಣ್ಣು ಅದರ ಮೇಲಿರುತ್ತವೆ. ನಿದ್ದೆ ಹಾಗಲ್ಲ. ಮೂಗಿಗೆ ಬಟ್ಟೆ ಅಡ್ಡ ಬಂದರೆ ಎರಡು ತಿಂಗಳ ಕೂಸಿಗೆ ಕೈಯಿಂದ ಸರಿಸಲು ಬರುವುದಿಲ್ಲ, ದಿಂಬಿನಿಂದ ಜಾರಿದ ತಲೆಯನ್ನು ನೆಟ್ಟಗೆ ಮಾಡಿಕೊಳ್ಳಲು ಕುತ್ತಿಗೆಯಲ್ಲಿ ಬಲ ಇರುವುದಿಲ್ಲ. ಮನೆಯವರೂ ನಿದ್ದೆಯಲ್ಲಿರುತ್ತಾರೆ. ಹಾಗಾಗಿ ಮಗು ಮಲಗುವ ಜಾಗವನ್ನು ಅಣಿಮಾಡುವುದೆಂದರೆ ಮುಖ್ಯವಾಗಿ ತೆಗೆಯುವ ಕೆಲಸ. ಗಟ್ಟಿಯಾದ, ಸಮತಟ್ಟಾದ ಹಾಸಿಗೆ, ಅದರ ಮೇಲೆ ಬಿಗಿಯಾಗಿ ಹಾಸಿದ ಒಂದೇ ಬಟ್ಟೆ, ಅದರ ಮೇಲೆ ಅಂಗಾತ ಮಲಗಿದ ಕೂಸು, ಪಕ್ಕದಲ್ಲೇ ತಾಯಿ. ಇಷ್ಟು ಸಾಕು ಅನ್ನುವುದನ್ನು ವೈದ್ಯಲೋಕ ಬಹಳ ದೊಡ್ಡ ಬೆಲೆ ತೆತ್ತು ಕಲಿತಿದೆ.

ಹಿರಿಯಾಕೆ: ಬೋರಲು ಮಲಗಿಸಿ ಬೆಳೆಸಿದ ಮಕ್ಕಳೂ ಇದ್ದಾರೆ, ಮಗ್ಗುಲು ಮಲಗಿಸಿ ಬೆಳೆಸಿದವರೂ ಇದ್ದಾರೆ. ಎಲ್ಲರೂ ಗಟ್ಟಿಮುಟ್ಟಾಗಿ ಬೆಳೆದು ಈಗ ತಮ್ಮ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾರೆ. ಅನುಭವಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ?

ವೈದ್ಯೆ: ಅನುಭವ ದೊಡ್ಡದೇ. ಆದರೆ ಒಂದು ಮನೆಯ ಅನುಭವಕ್ಕೆ ಕಾಣದ ಅಪಾಯಗಳಿವೆ. ಆರೋಗ್ಯವಾಗಿದ್ದ ಕೂಸು ನಿದ್ದೆಯಲ್ಲಿ ಕಾರಣ ತಿಳಿಯದೆ ತೀರಿಕೊಳ್ಳುವುದನ್ನು ವೈದ್ಯರು ಸಿಡ್ಸ್ ಎನ್ನುತ್ತಾರೆ. ಅಮೆರಿಕದಲ್ಲಿ 1992ರಲ್ಲಿ ಇಂಥ ಸಾವು ಹುಟ್ಟಿದ ಪ್ರತಿ ಸಾವಿರ ಮಕ್ಕಳಿಗೆ 1.2ರಷ್ಟಿತ್ತು. ಅಂದರೆ ಸಾವಿರ ಕೂಸುಗಳಲ್ಲಿ ಹೆಚ್ಚುಕಡಿಮೆ 999 ಹೇಗೆ ಮಲಗಿಸಿದರೂ ಬದುಕುತ್ತಿದ್ದವು. ಹತ್ತಾರು ಕೂಸುಗಳಿಗೆ ಬಾಣಂತನ ಮಾಡಿದ ಕೈಗೂ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಲಕ್ಷಗಟ್ಟಲೆ ಮಕ್ಕಳನ್ನು ಒಟ್ಟಿಗೆ ಎಣಿಸಿದಾಗಲೇ ಅದು ಕಣ್ಣಿಗೆ ಬೀಳುವುದು. ಹಾಗೆ ಎಣಿಸದೆ, ತರ್ಕಕ್ಕೆ ಸರಿ ಕಂಡದ್ದನ್ನೇ ಉಪದೇಶ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಬೆಂಜಮಿನ್ ಸ್ಪಾಕ್ ಎಂಬ ಅಮೆರಿಕದ ಮಕ್ಕಳ ವೈದ್ಯರ ಪುಸ್ತಕ 1946ರಲ್ಲಿ ಬಂತು. ಪಾಶ್ಚಾತ್ಯ ದೇಶಗಳ ಕೋಟ್ಯಂತರ ತಾಯಂದಿರು ಅದನ್ನು ನಂಬಿ ಮಕ್ಕಳನ್ನು ಬೆಳೆಸಿದರು. 1950ರ ದಶಕದ ನಡುವಿನಿಂದ ಅದರ ಮುದ್ರಣಗಳು ಕೂಸನ್ನು ಬೋರಲು ಮಲಗಿಸುವುದು ಒಳ್ಳೆಯದು ಎನ್ನತೊಡಗಿದವು. ಕಾರಣ ನೀವು ಹೇಳುವಂಥದ್ದೇ: ಅಂಗಾತ ಮಲಗಿದ್ದಾಗ ಹಾಲು ಕಕ್ಕಿದರೆ ಉಸಿರು ಕಟ್ಟಬಹುದು, ತಲೆ ಚಪ್ಪಟೆಯಾಗಬಹುದು. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 1970ರ ದಶಕದಲ್ಲಿ ಬೋರಲು ಮಲಗಿಸುವುದು ರೂಢಿಗೆ ಬಂದ ಮೇಲೆ ಇಂಥ ಸಾವುಗಳು ಏರಿದವು. 1987ರಲ್ಲಿ ಅಲ್ಲಿನ ವೈದ್ಯರು ಅದು ಬೇಡವೆಂದು ಸಾರಿದ ಮೇಲೆ ಇಳಿದವು. ನ್ಯೂಜಿಲೆಂಡ್ ಮತ್ತು ಬ್ರಿಟನ್ 1991ರಲ್ಲಿ ಅದೇ ಮಾತನ್ನು ಮನೆಮನೆಗೆ ಮುಟ್ಟಿಸಿದವು, ಅಮೆರಿಕ 1994ರಲ್ಲಿ ದೇಶವ್ಯಾಪಿ ಆಂದೋಲನ ಹೂಡಿತು. 2001ರ ಹೊತ್ತಿಗೆ ಅಮೆರಿಕದ ಆ 1.2 ಎಂಬ ಲೆಕ್ಕ 0.56ಕ್ಕೆ ಇಳಿದಿತ್ತು. ಹೊಸ ಔಷಧಿ ಬರಲಿಲ್ಲ, ಲಸಿಕೆ ಬರಲಿಲ್ಲ. ಕೂಸನ್ನು ತಿರುಗಿಸಿ ಮಲಗಿಸಿದರು, ಅಷ್ಟೆ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದ ಬ್ರಿಟನ್ನಿನ ಸಂಶೋಧಕರು 2005ರಲ್ಲಿ ಬರೆದದ್ದು ಇನ್ನೂ ಕಠೋರವಾಗಿದೆ. ಬೋರಲು ಮಲಗಿಸುವುದು ಅಪಾಯ ಎಂಬ ಪುರಾವೆ 1970ಕ್ಕೇ ಇತ್ತು. ಆಗಲೇ ಕೂಡಿಸಿ ನೋಡಿದ್ದರೆ ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ, ಆಸ್ಟ್ರೇಲಿಯ ಭಾಗಗಳನ್ನು ಸೇರಿಸಿದರೆ ಕನಿಷ್ಠ 50,000 ಕೂಸುಗಳು ಉಳಿಯಬಹುದಿತ್ತು. ಈ ಸಂಖ್ಯೆಯನ್ನು ನಾನು ಹಗುರವಾಗಿ ಹೇಳಲಾರೆ. ಅಷ್ಟೂ ಮನೆಗಳಲ್ಲಿ ಕೂಸನ್ನು ಮಲಗಿಸಿದವರು ಅಕ್ಕರೆಯಿಂದಲೇ ಮಲಗಿಸಿದ್ದರು.

ಹಿರಿಯಾಕೆ: ಸರಿ, ಆದರೆ ಆ ವೈದ್ಯರ ಭಯ ಸುಳ್ಳಲ್ಲವಲ್ಲ. ಕೂಸು ಹಾಲು ಕಕ್ಕುವುದು ದಿನಾ ನೋಡುವ ಸಂಗತಿ. ಅಂಗಾತ ಮಲಗಿರುವಾಗ ಕಕ್ಕಿದರೆ ಅದು ನೆತ್ತಿಗೇರುವುದಿಲ್ಲವೆ? ಮಗ್ಗುಲಾಗಿಯಾದರೂ ಮಲಗಿಸಬಾರದೆ?

ವೈದ್ಯೆ: ಕುತ್ತಿಗೆಯೊಳಗೆ ಎರಡು ಕೊಳವೆಗಳಿವೆ. ಶ್ವಾಸನಾಳ ಮುಂಭಾಗದಲ್ಲಿ, ಗಂಟಲಿನ ಕಡೆ. ಅನ್ನನಾಳ ಅದರ ಹಿಂದೆ, ಬೆನ್ನುಮೂಳೆಯ ಕಡೆ. ಕೂಸು ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ ಬರುತ್ತದೆ, ಅನ್ನನಾಳ ಕೆಳಗೆ. ಹೊಟ್ಟೆಯಿಂದ ಮರಳಿ ಬಂದ ಹಾಲು ಉಸಿರಿನ ಕೊಳವೆಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಅದು ಹತ್ತುವ ಮೊದಲೇ ಕೂಸು ನುಂಗುತ್ತದೆ ಅಥವಾ ಕೆಮ್ಮಿ ಹೊರಗೆ ಹಾಕುತ್ತದೆ. ಬೋರಲು ಹಾಕಿದರೆ ಇದು ತಲೆಕೆಳಗಾಗುತ್ತದೆ: ಅನ್ನನಾಳ ಮೇಲೆ, ಶ್ವಾಸನಾಳ ಕೆಳಗೆ. ಕಕ್ಕಿದ್ದು ತನ್ನ ಭಾರಕ್ಕೆ ಇಳಿದು ಶ್ವಾಸನಾಳದ ಬಾಯಲ್ಲೇ ನಿಲ್ಲುತ್ತದೆ. ಆ ದೇಶಗಳು ಮಕ್ಕಳನ್ನು ಅಂಗಾತ ಮಲಗಿಸಲು ಶುರು ಮಾಡಿದ ಮೇಲೆ ಹಾಲು ನೆತ್ತಿಗೇರಿ ಸತ್ತವರ ಸಂಖ್ಯೆ ಹೆಚ್ಚಾಗಲಿಲ್ಲ. ಕುಡಿಸಿದ ಮೇಲೆ ಭುಜಕ್ಕೆ ಹಾಕಿಕೊಂಡು ತೇಗಿಸುತ್ತೀರಲ್ಲ, ಅದನ್ನು ಬಿಡಬೇಡಿ, ಆಮೇಲೆ ಅಂಗಾತ ಮಲಗಿಸಿ. ಮಗ್ಗುಲಾಗಿ ಮಲಗಿಸುವುದು ನಡುದಾರಿಯಂತೆ ಕಾಣುತ್ತದೆ, ಆದರೆ ಆ ಭಂಗಿ ನಿಲ್ಲುವುದಿಲ್ಲ. ಬೋರಲು ಮಲಗಿ ಅಭ್ಯಾಸವಿಲ್ಲದ ಕೂಸು ನಿದ್ದೆಯಲ್ಲಿ ಮಗ್ಗುಲಿನಿಂದ ಮುಂದಕ್ಕೆ ಉರುಳುವುದು ಬಹಳ ಅಪಾಯದ ಸಂಗತಿ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ಆಸ್ಪತ್ರೆಯಲ್ಲಿ ಬೋರಲು ಮಲಗಿಸಿರುವುದನ್ನು ನೋಡಿ ಕೆಲವರು ಮನೆಯಲ್ಲೂ ಹಾಗೇ ಮಾಡುತ್ತಾರೆ. ಅಲ್ಲಿ ಉಸಿರು, ನಾಡಿ, ಆಮ್ಲಜನಕವನ್ನು ಯಂತ್ರ ಹಗಲಿರುಳು ಅಳೆಯುತ್ತಿರುತ್ತದೆ, ನರ್ಸ್ ಪಕ್ಕದಲ್ಲೇ ಇರುತ್ತಾರೆ. ಮನೆಗೆ ಕಳಿಸುವ ಮೊದಲೇ ಆ ಕೂಸುಗಳನ್ನು ಅಂಗಾತಕ್ಕೆ ರೂಢಿಸಬೇಕು, ಯಾಕೆಂದು ತಾಯಿಗೆ ಹೇಳಿ ಕಳಿಸಬೇಕು. ಅದು ನಮ್ಮಂಥವರ ಹೊಣೆ.

ಹಿರಿಯಾಕೆ: ಆದರೂ ಬೋರಲು ಮಲಗಿದ ಕೂಸು ಒಳ್ಳೆ ನಿದ್ದೆ ಮಾಡುತ್ತದೆ ಅನ್ನುವುದು ನಿಜ ತಾನೆ? ಅಂಗಾತ ಹಾಕಿದರೆ ಕೈಕಾಲು ಝಾಡಿಸಿ ಬೆಚ್ಚಿಬೀಳುತ್ತದೆ, ಗಂಟೆಗೊಮ್ಮೆ ಏಳುತ್ತದೆ. ಹಸಿ ಬಾಣಂತಿಗೂ ನಿದ್ದೆ ಬೇಕಲ್ಲ.

ವೈದ್ಯೆ: ನೀವು ನೋಡಿದ್ದು ಸರಿ. ಬೋರಲು ಮಲಗಿದ ಕೂಸಿನ ನಿದ್ದೆ ಗಾಢವಾಗಿರುತ್ತದೆ, ಅದನ್ನು ಎಬ್ಬಿಸುವುದು ಕಷ್ಟ. ಆ ಗಾಢತೆಯೇ ನನಗೆ ಭಯ. ಮೂಗು ಹಾಸಿಗೆಗೆ ಒತ್ತಿದಾಗ ಕೂಸು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮಿದುಳಿನ ಬುಡದಲ್ಲಿರುವ ಕಾಂಡಭಾಗ ಅದನ್ನು ಗುರುತಿಸಿ ಕೂಸನ್ನು ಎಬ್ಬಿಸಬೇಕು: ಮೊದಲು ಒಂದು ನಿಟ್ಟುಸಿರು, ಆಮೇಲೆ ತಲೆ ಹೊರಳಿಸುವುದು, ಕೊನೆಗೆ ಅಳು. ಸಿಡ್ಸ್‌ನಿಂದ ತೀರಿಕೊಂಡ ಎಷ್ಟೋ ಮಕ್ಕಳಲ್ಲಿ ಈ ಎಚ್ಚರಿಸುವ ವ್ಯವಸ್ಥೆಯಲ್ಲೇ ಕೊರತೆ ಇತ್ತು ಎಂಬುದನ್ನು ಹಾನಾ ಕಿನ್ನಿ ಎಂಬ ವೈದ್ಯೆ ಮತ್ತು ಅವರ ತಂಡ ದಶಕಗಳ ಕಾಲ ಅಧ್ಯಯನ ಮಾಡಿ ತೋರಿಸಿದರು. 1994ರಲ್ಲಿ ಅವರೂ ಫಿಲಿಯಾನೋ ಎಂಬುವರೂ ಮುಂದಿಟ್ಟ ವಿವರಣೆಯ ಪ್ರಕಾರ ಮೂರು ಸಂಗತಿಗಳು ಒಂದೇ ಗಳಿಗೆಯಲ್ಲಿ ಕೂಡಿದಾಗ ಸಾವು ಬರುತ್ತದೆ. ಒಂದು, ಹುಟ್ಟಿನಿಂದ ಬಂದ, ಹೊರಗೆ ಕಾಣದ ದುರ್ಬಲತೆ. ಎರಡು, ಮೊದಲ ಆರು ತಿಂಗಳ ನಾಜೂಕಿನ ವಯಸ್ಸು. ಈ ಸಾವುಗಳಲ್ಲಿ ಹತ್ತರಲ್ಲಿ ಒಂಬತ್ತು ಆ ಅವಧಿಯೊಳಗೇ ಆಗುತ್ತವೆ. ಮೂರು, ಹೊರಗಿನ ಒತ್ತಡ: ಬೋರಲು ಭಂಗಿ, ಮೆತ್ತನೆಯ ಹಾಸಿಗೆ, ಅತಿ ಸೆಕೆ, ಹೊಗೆ. ಮೊದಲಿನ ಎರಡು ನಮ್ಮ ಕೈಯಲ್ಲಿಲ್ಲ. ಯಾವ ಕೂಸಿನಲ್ಲಿ ಆ ದುರ್ಬಲತೆ ಇದೆ ಎಂದು ಮುಂಚಿತವಾಗಿ ಹೇಳುವ ಪರೀಕ್ಷೆ ನಮ್ಮ ಆಸ್ಪತ್ರೆಗಳಲ್ಲಿ ಇಲ್ಲ. ಆದ್ದರಿಂದ ಮೂರನೆಯದನ್ನು ಎಲ್ಲ ಕೂಸುಗಳಿಂದಲೂ ದೂರ ಇಡುತ್ತೇವೆ. ಕಾಲಿಗೆ ಕಟ್ಟುವ, ಫೋನಿಗೆ ಸಂದೇಶ ಕಳಿಸುವ, ಉಸಿರಾಟ ಅಳೆಯುವ ಯಂತ್ರಗಳನ್ನು ಮಾರುತ್ತಾರಲ್ಲ, ಅವುಗಳಿಂದ ಈ ಸಾವು ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಕೂಸು ರಾತ್ರಿ ಪದೇಪದೇ ಏಳುವುದು ತಾಯಿಗೆ ಹಿಂಸೆ, ಒಪ್ಪುತ್ತೇನೆ. ಆದರೆ ಏಳಬಲ್ಲ ಶಕ್ತಿಯೇ ಅದರ ರಕ್ಷಣೆ.

ಹಿರಿಯಾಕೆ: ಶೀತದ ಮಾತು ಬಿಟ್ಟೇಬಿಟ್ಟಿರಿ. ಮಲೆನಾಡಿನ ಮಳೆಗಾಲದಲ್ಲಿ ಕೂಸಿಗೆ ಕುಲಾವಿ ಇಲ್ಲ, ಕಂಬಳಿ ಇಲ್ಲ ಅಂದರೆ ಹೇಗೆ? ಅಗ್ಗಿಷ್ಟಿಕೆ ಇಟ್ಟುಕೊಳ್ಳದ ಬಾಣಂತಿ ಕೋಣೆ ಇತ್ತೆ ನಮ್ಮಲ್ಲಿ?

ವೈದ್ಯೆ: ಶೀತದ ಭಯಕ್ಕೆ ಆಧಾರ ಇದೆ. ಆಗತಾನೆ ಹುಟ್ಟಿದ ಕೂಸು, ಅದರಲ್ಲೂ ಕಡಿಮೆ ತೂಕದ್ದು, ಬೇಗ ಮೈಬಿಸಿ ಕಳೆದುಕೊಳ್ಳುತ್ತದೆ. ಮೊದಲ ದಿನಗಳಲ್ಲಿ ಕುಲಾವಿ ಹಾಕಬೇಕು, ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಬೇಕು. ಅದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ, ನಾನೂ ಹೇಳುತ್ತೇನೆ. ತೊಂದರೆ ಬರುವುದು ತೂಕ ಕೂಡಿ ತಿಂಗಳು ತುಂಬಿದ ಕೂಸಿಗೂ ಅದೇ ಸುತ್ತುವಿಕೆ ಮುಂದುವರಿದಾಗ. ಕೂಸಿನ ಮೈಯ ಕಾವು ಹೆಚ್ಚಾಗಿ ಹೊರಹೋಗುವುದು ತಲೆ ಮತ್ತು ಮುಖದಿಂದ. ನಿದ್ದೆಯಲ್ಲಿ ಕುಲಾವಿ ಕಟ್ಟಿದರೆ ಆ ದಾರಿ ಮುಚ್ಚುತ್ತದೆ, ಅದು ಜಾರಿ ಮೂಗಿನ ಮೇಲೆ ಬರುವ ಅಪಾಯ ಬೇರೆ. ನಾವು ಸಾಮಾನ್ಯವಾಗಿ ಕೂಸಿನ ಅಂಗೈ ಅಂಗಾಲು ಮುಟ್ಟಿ, ತಣ್ಣಗಿದೆ ಎಂದು ಇನ್ನೊಂದು ಬಟ್ಟೆ ಹೊದಿಸುತ್ತೇವೆ. ಎಳೆಗೂಸಿನ ಕೈಕಾಲು ತಣ್ಣಗಿರುವುದು ಸಹಜ. ಕತ್ತಿನ ಹಿಂಭಾಗಕ್ಕೋ ಎದೆಗೋ ಬೆರಳಿಟ್ಟು ನೋಡಿ. ಅಲ್ಲಿ ಬೆಚ್ಚಗಿದ್ದರೆ ಸಾಕು, ಬೆವರಿನ ಪಸೆ ಕಂಡರೆ ಒಂದು ಪದರ ತೆಗೆಯಿರಿ. ಆ ಕೋಣೆಯಲ್ಲಿ ನೀವು ಎಷ್ಟು ಬಟ್ಟೆ ಹಾಕಿ ಮಲಗುತ್ತೀರೋ ಅದಕ್ಕಿಂತ ಒಂದು ಪದರ ಹೆಚ್ಚು, ಅದೂ ಮೈಗೆ ತೊಡಿಸಿದ ಅಂಗಿಯ ರೂಪದಲ್ಲಿ. ಸಡಿಲ ಕಂಬಳಿ ಬೇಡ. ಬಟ್ಟೆಯಲ್ಲಿ ಸುತ್ತುವುದಾದರೆ ಸೊಂಟದ ಕೆಳಗೆ ಸಡಿಲ ಇರಲಿ, ಕಾಲು ಮಡಚಲು ಬರಬೇಕು. ಕೂಸು ಮಗುಚಿಕೊಳ್ಳಲು ಹವಣಿಸಿದ ದಿನವೇ ಸುತ್ತುವುದನ್ನು ನಿಲ್ಲಿಸಿ, ಕೈ ಕಟ್ಟಿದ ಕೂಸು ಬೋರಲು ಬಿದ್ದರೆ ಮುಖ ಎತ್ತಲಾರದು. ಇನ್ನು ಅಗ್ಗಿಷ್ಟಿಕೆ. ಇದರಲ್ಲಿ ರಾಜಿಗೆ ಜಾಗವೇ ಇಲ್ಲ, ಅಮ್ಮ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ, ಬಾಣಂತಿಯೂ ಅಷ್ಟೆ, ಕೂಸೂ ಅಷ್ಟೆ. ಸಾಂಬ್ರಾಣಿಯ ಹೊಗೆ, ಸೊಳ್ಳೆ ಬತ್ತಿಯ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಗ್ಗುವುದಿಲ್ಲ. ಮನೆಯ ಗಂಡಸರ ಬೀಡಿ ಸಿಗರೇಟಂತೂ ಸಿಡ್ಸ್‌ನ ಅಪಾಯವನ್ನು ಹೆಚ್ಚಿಸುವ ಕಾರಣಗಳಲ್ಲಿ ದೊಡ್ಡದು, ಜಗಲಿಯಲ್ಲಿ ಸೇದಿ ಬಂದು ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದೂ ಸೇರಿ.

ಹಿರಿಯಾಕೆ: ಸಾಸಿವೆ ದಿಂಬು ಬಿಟ್ಟರೆ ತಲೆ ಚಪ್ಪಟೆಯಾಗುತ್ತದಲ್ಲ? ತೊಟ್ಟಿಲ ಶಾಸ್ತ್ರಕ್ಕೆ ಬರುವವರು ದಿಂಬು, ಪಕ್ಕದ ಉದ್ದ ದಿಂಬುಗಳು, ಪರದೆ ಎಲ್ಲ ಸೇರಿದ ಪುಟ್ಟ ಹಾಸಿಗೆ ತಂದೇ ತರುತ್ತಾರೆ. ತೊಟ್ಟಿಲನ್ನೂ ಬೇಡ ಅನ್ನುವಿರೇನು?

ವೈದ್ಯೆ: ತೊಟ್ಟಿಲು ಬೇಡ ಅನ್ನುವುದಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲಿನಂಥ ಮರದ ತೊಟ್ಟಿಲಿಗೆ ಸಮತಟ್ಟಾದ ಗಟ್ಟಿ ತಳ ಇರುತ್ತದೆ, ನಮಗೆ ಬೇಕಾದದ್ದು ಅದೇ. ನೋಡಬೇಕಾದದ್ದು ಇಷ್ಟು: ಪಕ್ಕದ ಪಟ್ಟಿಗಳ ನಡುವಿನ ಸಂದು ಆರು ಸೆಂಟಿಮೀಟರಿಗಿಂತ ಹೆಚ್ಚಿರಬಾರದು, ಇಲ್ಲವಾದರೆ ಕೂಸಿನ ಮೈ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಹಾಸಿಗೆಗೂ ಪಕ್ಕದ ಪಟ್ಟಿಗೂ ನಡುವೆ ಎರಡು ಬೆರಳು ತೂರಬಾರದು. ಹಾಸಿಗೆಯನ್ನು ಅಂಗೈಯಿಂದ ಒತ್ತಿ ಬಿಡಿ, ಗುಳಿ ಹಾಗೇ ಉಳಿದರೆ ಅದು ಕೂಸಿಗೆ ತಕ್ಕದ್ದಲ್ಲ. ಒತ್ತಾಗಿ ಹೊಲಿದ ಹಳೆಯ ತೆಳು ಕೌದಿ ಕೂಸಿನ ಕೆಳಗೆ ಬಿಗಿಯಾಗಿ ಹಾಸಲು ಒಳ್ಳೆಯದು, ಮೇಲೆ ಹೊದಿಸಲು ಅಲ್ಲ. ಕೂಸು ಕೈಯೂರಿ ಏಳಲು ನೋಡಿದ ಮೇಲೆ ತೂಗುವ ತೊಟ್ಟಿಲಿನ ಕಾಲ ಮುಗಿಯಿತು. ಸೀರೆಯ ಜೋಲಿಯ ಮಾತು ಬೇರೆ. ಅದರಲ್ಲಿ ಬೆನ್ನು ಬಾಗಿ ಗಲ್ಲ ಎದೆಗೆ ತಾಗುತ್ತದೆ. ಎಳೆಗೂಸಿನ ಶ್ವಾಸನಾಳ ಬಹಳ ಮೆದು, ಹಾಗೆ ಮಡಚಿದರೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಎಚ್ಚರವಿದ್ದಾಗ, ಮುಖ ಕಾಣುವಂತೆ ಯಾರಾದರೂ ಕೂತು ತೂಗಲಿ, ನಿದ್ದೆ ಹತ್ತಿದ ಮೇಲೆ ಎತ್ತಿ ಸಮತಟ್ಟಾದ ಹಾಸಿಗೆಗೆ ಹಾಕಬೇಕು. ಇದೇ ಕಾರಣಕ್ಕೆ ಅಮೆರಿಕ 2022ರಲ್ಲಿ ಹತ್ತು ಡಿಗ್ರಿಗಿಂತ ಹೆಚ್ಚು ಇಳಿಜಾರಿರುವ ಮಲಗುವ ಕುರ್ಚಿಗಳನ್ನೂ ತೊಟ್ಟಿಲಿನ ಸುತ್ತ ಕಟ್ಟುವ ಮೆತ್ತೆಗಳನ್ನೂ ಕಾನೂನು ಮಾಡಿ ನಿಷೇಧಿಸಿತು. ಉಡುಗೊರೆಯ ಹಾಸಿಗೆಯಲ್ಲಿ ಬರುವ ಪಕ್ಕದ ದಿಂಬುಗಳೂ ಅದೇ ಜಾತಿಯವು, ಕೂಸು ಮುಖ ತಿರುಗಿಸಿ ಅವಕ್ಕೆ ಮೂಗು ಒತ್ತಿದರೆ ಸರಿಸಲು ಯಾರೂ ಇರುವುದಿಲ್ಲ. ಅವನ್ನು ತೆಗೆದಿಡಿ. ಸೊಳ್ಳೆ ಪರದೆ ಮಾತ್ರ ಇಟ್ಟುಕೊಳ್ಳಿ, ಡೆಂಗಿ ಇರುವ ನಾಡು ನಮ್ಮದು. ಅದು ಕೊಡೆಯಂತೆ ಬಿಗಿದು ನಿಂತಿರಬೇಕು, ಮುಖದ ಮೇಲೆ ಜೋತು ಬೀಳಬಾರದು. ತಲೆ ಚಪ್ಪಟೆಯಾಗುವುದಕ್ಕೆ ದಿಂಬು ಮದ್ದಲ್ಲ. ತೊಟ್ಟಿಲಿನಲ್ಲಿ ತಲೆಯ ದಿಕ್ಕನ್ನು ದಿನ ಬಿಟ್ಟು ದಿನ ಬದಲಿಸಿ, ಎಚ್ಚರವಾಗಿರುವಾಗ ಚಾಪೆಯ ಮೇಲೆ ಬೋರಲು ಹಾಕಿ ಎದುರಿಗೆ ಕೂತು ಆಡಿಸಿ. ಕುತ್ತಿಗೆಗೆ ಬಲ ಬರುತ್ತದೆ, ಕೂಸು ಕೂರಲು ಕಲಿತ ಮೇಲೆ ತಲೆಯೂ ಬಹುಮಟ್ಟಿಗೆ ದುಂಡಗಾಗುತ್ತದೆ. ಕತ್ತಿನ ದೃಷ್ಟಿದಾರವನ್ನು ಮಲಗಿಸುವಾಗ ಬಿಚ್ಚಿಡಿ. ಹಾಸಿಗೆಯ ಅಡಿಯಲ್ಲಿ ಕಬ್ಬಿಣ ಇಡುವ ನಂಬಿಕೆ ಇದ್ದರೆ ಅದನ್ನು ಬಾಗಿಲಿನ ಮೇಲೆ ಇಡಿ, ನಂಬಿಕೆಯೂ ನಡೆಯುತ್ತದೆ.

ಹಿರಿಯಾಕೆ: ಇಷ್ಟೆಲ್ಲ ಹೇಳಿ ಕೊನೆಗೆ ಕೂಸನ್ನು ತಾಯಿಯಿಂದ ಬೇರೆ ಮಲಗಿಸಿ ಅನ್ನುವಿರೇನೋ. ಒಂದೇ ಕೋಣೆಯ ಮನೆಯಲ್ಲಿ ನೆಲದ ಮೇಲೆ ಸಾಲಾಗಿ ಮಲಗುವವರು ಎಲ್ಲಿಂದ ತಂದಾರು ಬೇರೆ ಹಾಸಿಗೆ? ತಾಯಿಯ ಮಗ್ಗುಲು ಕೂಸಿಗೆ ಅಪಾಯ ಅನ್ನುವ ಮಾತನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ವೈದ್ಯೆ: ಇದು ನಿಜಕ್ಕೂ ಗಟ್ಟಿಯಾದ ಆಕ್ಷೇಪ, ತಜ್ಞರಲ್ಲೇ ಒಮ್ಮತವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕನಿಷ್ಠ ಆರು ತಿಂಗಳು ಅದೇ ಕೋಣೆಯಲ್ಲಿ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಿಸಿ ಎನ್ನುತ್ತದೆ. ಎದೆಹಾಲಿನ ಪರವಾಗಿ ಕೆಲಸ ಮಾಡುವ ವೈದ್ಯರು ಮತ್ತು ಬ್ರಿಟನ್ನಿನ ಸಲಹೆಗಾರರು ಜೊತೆಯಲ್ಲಿ ಮಲಗುವವರನ್ನು ಬೈಯುವುದಕ್ಕಿಂತ ಸುರಕ್ಷಿತವಾಗಿ ಮಲಗುವುದು ಹೇಗೆಂದು ಹೇಳಿಕೊಡಿ ಎನ್ನುತ್ತಾರೆ. ಬ್ರಿಟನ್ನಿನ ಬ್ರಾಡ್‌ಫರ್ಡ್ ಪಟ್ಟಣದಲ್ಲಿ ಪಾಕಿಸ್ತಾನಿ ಮೂಲದ ಮತ್ತು ಬಿಳಿಯ ಬ್ರಿಟಿಷ್ ಕುಟುಂಬಗಳನ್ನು ಹೋಲಿಸಿ ನೋಡಿದ ಅಧ್ಯಯನ ಒಂದಿದೆ. ದಕ್ಷಿಣ ಏಷ್ಯಾದ ಮನೆಗಳಲ್ಲಿ ಕೂಸು ತಾಯಿಯ ಹಾಸಿಗೆಯಲ್ಲಿ ಮಲಗುವುದು ಹೆಚ್ಚು, ಆದರೂ ಅವರಲ್ಲಿ ಸಿಡ್ಸ್ ಕಡಿಮೆ. ಆ ತಾಯಂದಿರಲ್ಲಿ ಸಿಗರೇಟು ಸೇದುವವರು, ಕುಡಿಯುವವರು, ಸೋಫಾದ ಮೇಲೆ ಕೂಸಿನೊಡನೆ ನಿದ್ದೆಹೋಗುವವರು ಕಡಿಮೆ, ಎದೆಹಾಲು ಕೊಡುವವರು ಹೆಚ್ಚು. ಕನಿಷ್ಠ ಎರಡು ತಿಂಗಳು ಎದೆಹಾಲು ಕುಡಿದರೇ ಈ ಸಾವಿನ ಅಪಾಯ ಹತ್ತಿರಹತ್ತಿರ ಅರ್ಧವಾಗುತ್ತದೆ. ಆದ್ದರಿಂದ ಮಗ್ಗುಲಲ್ಲಿರುವುದು ಯಾರು, ಯಾವ ಸ್ಥಿತಿಯಲ್ಲಿ, ಎಂಥ ಹಾಸಿಗೆಯ ಮೇಲೆ ಎಂದು ಕೇಳಬೇಕು. ನೆಲದ ಚಾಪೆಯ ಮೇಲೆ, ಹಾಲೂಡಿಸುವ ತಾಯಿಯ ಪಕ್ಕ, ದಿಂಬು ಕಂಬಳಿಗಳಿಂದ ದೂರ ಅಂಗಾತ ಮಲಗಿದ ತುಂಬು ತಿಂಗಳ ಕೂಸಿಗೂ, ಮೆತ್ತನೆಯ ಫೋಮ್ ಹಾಸಿಗೆಯಲ್ಲಿ ಕುಡಿದು ಬಂದ ತಂದೆಯ ಪಕ್ಕ ರಗ್ಗಿನಡಿ ಇರುವ ಕೂಸಿಗೂ ಅಪಾಯ ಒಂದೇ ಅಲ್ಲ. ಮೊದಲನೆಯದರಲ್ಲೂ ಅಪಾಯ ಪೂರ್ತಿ ಇಲ್ಲ ಎನ್ನಲಾರೆ. ಬೇರೆ ಪುಟ್ಟ ಹಾಸಿಗೆ ಕೈಗೆಟಕುವಷ್ಟು ಹತ್ತಿರ ಇದ್ದರೆ ಅದು ಮೇಲು. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿರುವ ಕೂಸಾದರೆ, ಪಕ್ಕದವರು ಹೊಗೆ ಸೇದುವವರೋ ಕುಡಿದವರೋ ನಿದ್ದೆಮಾತ್ರೆ ತೆಗೆದುಕೊಂಡವರೋ ಆದರೆ ಬೇರೆ ಹಾಸಿಗೆ ಬೇಕೇ ಬೇಕು. ನ್ಯೂಜಿಲೆಂಡಿನ ಮಾವೋರಿ ಜನರಿಗೆ ಕೂಸನ್ನು ಜೊತೆಗೆ ಮಲಗಿಸಬೇಡಿ ಎಂದಷ್ಟೇ ಹೇಳಿದಾಗ ಆ ಮಾತು ನಾಟಲಿಲ್ಲ. ಡೇವಿಡ್ ಟಿಪೆನೆ-ಲೀಚ್ ಎಂಬ ಮಾವೋರಿ ವೈದ್ಯರೂ ನೇಕಾರರೂ ಸೇರಿ 2006ರ ಸುಮಾರಿಗೆ ನಾರಿನಿಂದ ಹೆಣೆದ ‘ವಹಾಕುರಾ’ ಎಂಬ ಪುಟ್ಟ ಬುಟ್ಟಿಯನ್ನು ರೂಢಿಗೆ ತಂದರು. ಬುಟ್ಟಿ ಅಪ್ಪ ಅಮ್ಮನ ಹಾಸಿಗೆಯ ಮೇಲೆಯೇ ಇರುತ್ತದೆ, ಕೂಸು ಅದರೊಳಗೆ ಬೇರೆಯಾಗಿ ಮಲಗುತ್ತದೆ. ಫಿನ್ಲೆಂಡಿನಲ್ಲಿ 1938ರಿಂದ ಸರ್ಕಾರ ಬಾಣಂತಿಯರಿಗೆ ಕೊಡುತ್ತಿರುವ ರಟ್ಟಿನ ಪೆಟ್ಟಿಗೆಯ ತಳದಲ್ಲಿ ಪುಟ್ಟ ಹಾಸಿಗೆ ಇರುತ್ತದೆ, ಬಟ್ಟೆಬರೆ ಖಾಲಿಯಾದ ಮೇಲೆ ಅದೇ ಮಗುವಿನ ಹಾಸಿಗೆ. ಬಡತನ ಇದಕ್ಕೆ ಅಡ್ಡಿಯಾಗಬೇಕಿಲ್ಲ. ಅಗಲ ತಳದ ಗಟ್ಟಿ ಬಿದಿರು ಬುಟ್ಟಿ ನಮ್ಮ ಮೇದಾರರ ಕೈಯಲ್ಲೂ ಆಗುತ್ತದೆ. ನಮ್ಮ ಆರೋಗ್ಯ ಇಲಾಖೆಯ ಯಾರಾದರೂ ಇದನ್ನು ಗಂಭೀರವಾಗಿ ಯೋಚಿಸಬೇಕೆಂಬುದು ನನ್ನ ಆಸೆ.

ಹಿರಿಯಾಕೆ: ನಮ್ಮಲ್ಲಿ ಕೂಸುಗಳು ಸಾಯುವುದು ನಂಜಿನಿಂದ, ತೂಕ ಸಾಲದೆ, ಹೆರಿಗೆಯಲ್ಲಿ ತಡವಾಗಿ. ಅದನ್ನು ಬಿಟ್ಟು ಹಾಸಿಗೆಯ ಮಾತು ಹಿಡಿದರೆ, ಹೊರದೇಶದವರ ಚಿಂತೆಯನ್ನು ಸಾಲ ತಂದಂತೆ ಅನ್ನಿಸುವುದಿಲ್ಲವೆ?

ವೈದ್ಯೆ: ಮೊದಲ ಅರ್ಧ ಪೂರ್ತಿ ಒಪ್ಪುತ್ತೇನೆ. ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 28 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡವೆಂದು 2020ರ ಸರ್ಕಾರಿ ಲೆಕ್ಕ ಹೇಳುತ್ತದೆ. ಅವುಗಳಲ್ಲಿ ಬಹುಪಾಲಿಗೆ ನೀವು ಹೆಸರಿಸಿದ್ದೇ ಕಾರಣ. ಆದರೆ ಸಿಡ್ಸ್ ಎಂದು ಬರೆಯಬೇಕಾದರೆ ಮರಣೋತ್ತರ ಪರೀಕ್ಷೆ ಆಗಬೇಕು, ಮಲಗಿದ್ದ ಜಾಗವನ್ನು ಪರಿಶೀಲಿಸಬೇಕು, ಕಾಯಿಲೆಗಳ ಹಿನ್ನೆಲೆ ಕೇಳಬೇಕು. ಮನೆಯಲ್ಲಿ ರಾತ್ರಿ ತೀರಿಕೊಂಡ ಎರಡು ತಿಂಗಳ ಕೂಸಿಗೆ ನಮ್ಮ ಹಳ್ಳಿಗಳಲ್ಲಿ ಇದನ್ನೆಲ್ಲ ಮಾಡುವವರು ಯಾರು? ಹಾಲು ನೆತ್ತಿಗೇರಿತು, ಗಾಳಿ ಸೋಂಕಿತು ಎಂದು ಹೇಳಿ ಬೆಳಗಾಗುವುದರೊಳಗೆ ಮಣ್ಣು ಮಾಡುತ್ತಾರೆ. ಎಣಿಸದೇ ಇದ್ದದ್ದನ್ನು ಇಲ್ಲ ಎನ್ನಲು ನನಗೆ ಮನಸ್ಸಿಲ್ಲ. ಇನ್ನೊಂದು ಮಾತು: ಪೂರ್ವದೇಶಗಳ ಹಳೆಯ ರೂಢಿಯಲ್ಲೇ ರಕ್ಷಣೆ ಇದ್ದಿರಬಹುದು. ಹಾಂಗ್‌ಕಾಂಗ್‌ನಲ್ಲಿ ಇಂಥ ಸಾವು ಯಾಕೆ ಇಷ್ಟು ಅಪರೂಪ ಎಂದು 1985ರಲ್ಲೇ ಡೇವಿಸ್ ಎಂಬ ವೈದ್ಯರು ಕೇಳಿದ್ದರು, ಅಲ್ಲಿನವರು ಮಕ್ಕಳನ್ನು ಅಂಗಾತ ಮಲಗಿಸುವುದನ್ನು ಅವರು ಗಮನಿಸಿದ್ದರು. ನಮ್ಮ ಅಜ್ಜಿಯಂದಿರ ಚಾಪೆ, ತೆಳು ಹಾಸು, ಎದೆಹಾಲು, ಪಕ್ಕದ ತಾಯಿ, ಇವೂ ಅಂಥವೇ. ಈಗ ಆ ಚಾಪೆ ಹೋಗಿ ದಪ್ಪ ಫೋಮ್ ಹಾಸಿಗೆ ಬಂದಿದೆ, ಸೋಫಾ ಬಂದಿದೆ, ಏಸಿ ಹಾಕಿ ರಗ್ಗು ಹೊದಿಯುವುದು ಬಂದಿದೆ. ಸಾಲ ತಂದದ್ದು ಅವನ್ನು. ಅವುಗಳ ಜೊತೆಗೆ ಬರಬೇಕಾದ ಎಚ್ಚರಿಕೆ ಮಾತ್ರ ಹಿಂದೆ ಉಳಿಯಿತು. ನಂಜಿನ ವಿರುದ್ಧ ಹೋರಾಡಲು ಔಷಧಿ, ಆಸ್ಪತ್ರೆ, ಹಣ ಬೇಕು. ದಿಂಬು ತೆಗೆಯಲು ಏನೂ ಬೇಡ.

ಹಿರಿಯಾಕೆ: ಎಲ್ಲ ಸರಿಯಾಗಿ ಮಾಡಿಯೂ ಏನಾದರೂ ಆದರೆ? ಊರವರು ತಾಯಿಯತ್ತಲೇ ಬೆರಳು ತೋರಿಸುತ್ತಾರೆ. ನಿಮ್ಮ ಈ ನಿಯಮಗಳು ಅವರ ಕೈಗೆ ಇನ್ನೊಂದು ಕೋಲು ಕೊಟ್ಟಂತಾಗದೆ?

ವೈದ್ಯೆ: ಹಾಗಾಗಬಾರದು. ಆ ಮೂರರ ವಿವರಣೆಯನ್ನು ನಾನು ಎಲ್ಲರಿಗೂ ಹೇಳುವುದು ಅದಕ್ಕೇ. ಎಲ್ಲವನ್ನೂ ಸರಿಯಾಗಿ ಮಾಡಿದ ಮನೆಯಲ್ಲೂ ಕೂಸು ತೀರಿಕೊಳ್ಳಬಹುದು, ಏನನ್ನೂ ಪಾಲಿಸದ ಮನೆಯಲ್ಲೂ ಚೆನ್ನಾಗಿ ಬೆಳೆಯಬಹುದು. ನಾವು ಮಾಡುವುದು ಅಪಾಯವನ್ನು ಇಳಿಸುವ ಕೆಲಸ, ಅದು ತೀರ್ಪು ಕೊಡುವುದಕ್ಕೆ ಆಧಾರವಲ್ಲ. ಕೂಸನ್ನು ಕಳೆದುಕೊಂಡ ತಾಯಿಯನ್ನು ದೂರುವವರಿಗೆ ಈ ವಿಜ್ಞಾನದಲ್ಲಿ ಬೆಂಬಲ ಸಿಗುವುದಿಲ್ಲ. ಅಲ್ಲದೆ ಈ ಹೊಣೆಯನ್ನು ತಾಯಿಯೊಬ್ಬಳ ಮೇಲೆ ಹೊರಿಸುವುದೇ ತಪ್ಪು. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ, ನಿದ್ದೆಗೆಟ್ಟ ಕಣ್ಣಿನಲ್ಲಿ ನಡುರಾತ್ರಿ ಕೂತು ಹಾಲೂಡಿಸುವವಳು ಅವಳು. ಸೋಫಾದಲ್ಲೋ ಕುರ್ಚಿಯಲ್ಲೋ ಕೂತು ಕುಡಿಸುವಾಗ ತೂಕಡಿಕೆ ಬಂದರೆ ಕೂಸು ಮಡಿಲಿನಿಂದ ಸಂದಿಗೆ ಜಾರುತ್ತದೆ, ಅದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ. ನಿದ್ದೆ ತಡೆಯಲಾಗದು ಅನ್ನಿಸಿದರೆ ಸೋಫಾಕ್ಕಿಂತ ದಿಂಬು ರಗ್ಗು ತೆಗೆದ ಗಟ್ಟಿ ಹಾಸಿಗೆಯಲ್ಲಿ ಕೂತು ಕುಡಿಸುವುದು ಲೇಸು. ಆಗ ಇನ್ನೊಬ್ಬರು ಎದ್ದಿರಬೇಕು. ಕುಡಿಸಿದ್ದು ಮುಗಿದ ಕೂಡಲೇ ಕೂಸನ್ನು ಎತ್ತಿಕೊಂಡು ತೇಗಿಸಿ, ಅದರ ಹಾಸಿಗೆಯಲ್ಲಿ ಅಂಗಾತ ಮಲಗಿಸುವುದು ಆ ಇನ್ನೊಬ್ಬರ ಕೆಲಸ. ಬಾಣಂತನ ಎಂದರೆ ಕಷಾಯ, ಎಣ್ಣೆಸ್ನಾನ ಮಾತ್ರವಲ್ಲವಲ್ಲ. ನಿಮ್ಮ ಅಳಿಯನನ್ನು ವಾರಕ್ಕೊಮ್ಮೆ ಬಂದು ಕೂಸಿನ ಮುಖ ನೋಡಿ ಹೋಗುವ ನೆಂಟನಾಗಿ ಇರಿಸಬೇಡಿ. ಬಂದ ರಾತ್ರಿಗಳಲ್ಲಿ ಅವರೇ ಎದ್ದಿರಲಿ.

ಹಿರಿಯಾಕೆ: ಅವನಿಗೆ ಕೂಸನ್ನು ಹಿಡಿಯಲೇ ಬರುವುದಿಲ್ಲ.

ವೈದ್ಯೆ: ತಲೆಯ ಕೆಳಗೆ ಒಂದು ಅಂಗೈ, ಸೊಂಟದ ಕೆಳಗೆ ಇನ್ನೊಂದು. ಮೊದಲ ದಿನ ನೀವು ಪಕ್ಕದಲ್ಲಿ ನಿಂತು ತೋರಿಸಿ, ಎರಡನೆಯ ದಿನದಿಂದ ಅವರಿಗೆ ಬಿಡಿ. ಈ ವಾರದ ತಪಾಸಣೆಗೆ ಮಗಳ ಜೊತೆ ಅವರನ್ನೂ ಕರೆದುಕೊಂಡು ಬನ್ನಿ, ನಿಮಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳುತ್ತೇನೆ.